ಎಡಿಟ್ ಮಾಡಿದ ಎಚ್‌ಡಿ ಬಯಲಾಟದ ವಿಡಿಯೊ: ಕ್ವಾಲಿಟಿ ಕೆಡದ ಹಾಗೆ ಡಿಸ್ಕಿಗೆ ಬರ್ನ್ ಮಾಡುವುದು ಹೇಗೆ?

ತುಂಗಾತೀರ, ತೀರ್ಥಹಳ್ಳಿ
ಎಲ್ಲರಿಗೂ ನಮಸ್ಕಾರ. ನಮ್ಮೂರ ದೇವಸ್ಥಾನದ ಬಯಲಾಟವನ್ನು ಎಚ್‌ಡಿ ಹ್ಯಾಂಡಿಕ್ಯಾಮಿನಲ್ಲಿ ಬೆಳಗಿನವರೆಗೂ ರೆಕಾರ್ಡ್ ಮಾಡಿದ್ದೇವೆ. ಕ್ಯಾಮೆರಾ ಎವಿಸಿಎಚ್‌ಡಿ ಎಂಬ ರೆಕಾರ್ಡಿಂಗ್ ಪದ್ಧತಿಯದು. 1920×1080, 50ಐ, 17 ಮೆಗಾಬಿಟ್ ಎಂದು ಮೆನುವಿನಲ್ಲಿ ತೋರಿಸುತ್ತದೆ. ಕೆಡೆನ್‌ಲೈವಿನಲ್ಲಿ ಎಡಿಟ್ ಮಾಡಿ ಮೂರು ಗಂಟೆಗೆ ಇಳಿಸಿದೆ. ಕ್ಯಾಮೆರಾದ ಫೈಲನ್ನು ಕಂಪ್ಯೂಟರಿನಲ್ಲಿ ನೋಡಿದರೆ ಕಣ್ಣಿಗೆ ಹಬ್ಬ. ಕೇದಗೆ ಮುಂದಲೆಯ ಜರಿ ಎಳೆ ಎಳೆಯಾಗಿ ಕಾಣುತ್ತದೆ. ಅದನ್ನೇ ಎಂಪಿ4 ಮಾಡಿ ಪೇಟೆಯ ಒಂದು ಸ್ಟುಡಿಯೋಕ್ಕೆ ಕೊಟ್ಟು ಡಿಸ್ಕ್ ಮಾಡಿಸಿದೆವು. ಟಿವಿಯಲ್ಲಿ ಹಾಕಿದರೆ ಎಲ್ಲ ಮಬ್ಬು. ವೇಷ ಗಿರ್ರನೆ ತಿರುಗಿದಾಗ ಅಂಚಿನಲ್ಲಿ ಬಾಚಣಿಗೆ ಹಲ್ಲಿನ ಹಾಗೆ ಗೆರೆಗಳು.

ಈ ಆಟದಲ್ಲಿ ಕುಣಿದ ಇಬ್ಬರು ಹಿರಿಯ ಕಲಾವಿದರು ಇನ್ನು ಗೆಜ್ಜೆ ಕಟ್ಟುವುದಿಲ್ಲ ಎಂದಿದ್ದಾರೆ. ಹಾಗಾಗಿ ಇದು ಚೆನ್ನಾಗಿ ಉಳಿಯಲೇಬೇಕು. ಭಾಗವತರ ಮನೆಯಲ್ಲಿ ಬ್ಲೂ-ರೇ ಪ್ಲೇಯರ್ ಇದೆ. ಉಳಿದವರದ್ದು ಮಾಮೂಲಿ ಡಿವಿಡಿ. ದಾರಿ ಹೇಳಿ.

ಸಾಗರದ ಹುಡುಗ
ಪೆನ್ ಡ್ರೈವಿಗೆ ಹಾಕಿ ಕೊಡಿ ಮಾರಾಯ್ರೇ. ಡಿಸ್ಕ್ ಈಗ ಯಾರು ನೋಡ್ತಾರೆ?

ತುಂಗಾತೀರ, ತೀರ್ಥಹಳ್ಳಿ
ನೋಡುವವರಿಗೆ ಕೊಡಲಿಕ್ಕೇ ಕೇಳಿದ್ದು. ಅವರ ಟಿವಿಗಳಿಗೆ ಯುಎಸ್‌ಬಿ ಕಿಂಡಿಯೇ ಇಲ್ಲ. ಮತ್ತೆ ಪೆನ್ ಡ್ರೈವ್ ಎಂದರೆ ಮೊಮ್ಮಕ್ಕಳು ಅಳಿಸಿ ಸಿನಿಮಾ ತುಂಬಿಸುತ್ತಾರೆ. ಡಿಸ್ಕ್ ಆದರೆ ಅಳಿಸಲಿಕ್ಕಾಗುವುದಿಲ್ಲ.

ಕೊಡಚಾದ್ರಿ ಅಕ್ಕ, ಹೊಸನಗರ
ಸ್ಟುಡಿಯೋದವರು ಕೊಟ್ಟದ್ದು ಯಾವ ಡಿಸ್ಕ್? ಕಂಪ್ಯೂಟರಿಗೆ ಹಾಕಿ ಒಳಗೆ ನೋಡಿ. ‘ವಿಡಿಯೊ ಟಿಎಸ್’ ಫೋಲ್ಡರ್ ಇದ್ದರೆ ಅದು ಡಿವಿಡಿ. ‘ಬಿಡಿಎಂವಿ’ ಇದ್ದರೆ ಬ್ಲೂ-ರೇ ಅಥವಾ ಎವಿಸಿಎಚ್‌ಡಿ. ಎಷ್ಟು ಡಿಸ್ಕ್ ಕೊಟ್ಟಿದ್ದಾರೆ ಅದನ್ನೂ ಹೇಳಿ. ನೀವು ಕೊಟ್ಟ ಎಂಪಿ4 ಫೈಲಿನ ಬಿಟ್‌ರೇಟ್ (ಸೆಕೆಂಡಿಗೆ ಎಷ್ಟು ಮೆಗಾಬಿಟ್) ಮೀಡಿಯಾಇನ್ಫೋ ತಂತ್ರಾಂಶದಲ್ಲಿ ನೋಡಿ ಹಾಕಿ.

ತುಂಗಾತೀರ, ತೀರ್ಥಹಳ್ಳಿ
ವಿಡಿಯೊ ಟಿಎಸ್ ಅಕ್ಕ. ಮೂರು ಗಂಟೆಯೂ ಒಂದೇ ಡಿಸ್ಕಿನಲ್ಲಿ. ಎಂಪಿ4 ಸುಮಾರು 8 ಮೆಗಾಬಿಟ್, 25ಪಿ ಎಂದು ತೋರಿಸುತ್ತಿದೆ.

ಕೊಡಚಾದ್ರಿ ಅಕ್ಕ, ಹೊಸನಗರ
ಸರಿ, ಈಗ ಎಲ್ಲ ಗೊತ್ತಾಯಿತು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ಬರ್ನ್ ಮಾಡುವುದರಿಂದ ಕ್ವಾಲಿಟಿ ಹೋಗುವುದಿಲ್ಲ. ಬರ್ನರ್ ಸುಮ್ನೆ ಕೊಟ್ಟ ಬಿಟ್ಟುಗಳನ್ನು ಬರೆಯುತ್ತದೆ, ಅಷ್ಟೇ. ಹೋಗುವುದೆಲ್ಲ ಅದಕ್ಕಿಂತ ಮುಂಚೆ, ವಿಡಿಯೊವನ್ನು ಮತ್ತೊಮ್ಮೆ ಎನ್‌ಕೋಡ್ ಮಾಡುವಾಗ, ಅಂದರೆ ಕುಗ್ಗಿಸಿ ಹೊಸದಾಗಿ ಬರೆಯುವಾಗ. ನಿಮ್ಮದು ಎರಡು ಸಲ ಆಗಿದೆ. ಕ್ಯಾಮೆರಾದ 17 ಮೆಗಾಬಿಟ್ ಎಡಿಟರಿನಿಂದ ಹೊರಗೆ ಬರುವಾಗ 8 ಆಯಿತು. ಅಲ್ಲಿಂದ ಡಿವಿಡಿಗೆ ಎಂಪೆಗ್-2 ಎಂಬ ಬೇರೆ ಪದ್ಧತಿಗೆ ಮತ್ತೆ ಎನ್‌ಕೋಡ್ ಆಯಿತು. ಮೊದಲನೇ ಸಲ ಹೋದ ವಿವರ ಎರಡನೇ ಸಲ ವಾಪಸ್ ಬರುವುದಿಲ್ಲ.

ಆಮೇಲೆ ಡಿವಿಡಿ ಎಂಬುದೇ ಎಚ್‌ಡಿ ಅಲ್ಲ. ನಮ್ಮ ಕಡೆಯ ಪಾಲ್ ಡಿವಿಡಿಯಲ್ಲಿ ಚಿತ್ರ 720×576. ಲೆಕ್ಕ ಹಾಕಿ ನೋಡಿ, ಎಚ್‌ಡಿ ಚಿತ್ರದ ಸರಿಯಾಗಿ ಐದರಲ್ಲಿ ಒಂದು ಪಾಲು. ಅದರ ಮೇಲೆ ಮೂರು ಗಂಟೆಯನ್ನು 4.7 ಜಿಬಿಯಲ್ಲಿ ತುರುಕಿದ್ದಾರೆ. ಹಾಗೆ ಮಾಡಿದರೆ ಧ್ವನಿಯೂ ಸೇರಿ ಸೆಕೆಂಡಿಗೆ ಸುಮಾರು 3.5 ಮೆಗಾಬಿಟ್ ಮಾತ್ರ ಸಿಗುತ್ತದೆ. ಡಿವಿಡಿ ವಿಡಿಯೊಗೆ 9.8 ಮೆಗಾಬಿಟ್ ತನಕ ಅವಕಾಶ ಇದೆ. ರಾತ್ರಿ ಆಟ, ಹಿಂದೆ ಕತ್ತಲು, ಚಿತ್ರದ ತುಂಬಾ ಸಣ್ಣ ಕಾಳು ಕಾಳು. ಆ ಕಾಳುಗಳೇ ಬಿಟ್ಟುಗಳನ್ನು ತಿಂದು ಹಾಕುತ್ತವೆ. ಮುಖವರ್ಣಿಕೆಗೆ ಏನು ಉಳಿಯುತ್ತದೆ?

ಬಾಚಣಿಗೆ ಗೆರೆ ಬೇರೆ ಕತೆ. 50ಐ ಎಂದರೆ ಸೆಕೆಂಡಿಗೆ 50 ಅರ್ಧ ಚಿತ್ರ. ಒಮ್ಮೆ ಬೆಸ ಸಾಲು, ಒಮ್ಮೆ ಸರಿ ಸಾಲು. ಎರಡೂ ಬೇರೆ ಬೇರೆ ಗಳಿಗೆಯಲ್ಲಿ ತೆಗೆದದ್ದು. ಎರಡನ್ನೂ ಒಂದೇ ಚಿತ್ರ ಎಂದು ತಿಳಿದು 1080ರಿಂದ 576ಕ್ಕೆ ಕುಗ್ಗಿಸಿದರೆ ಸಾಲುಗಳು ಕಲೆಸಿಹೋಗುತ್ತವೆ. ಆಮೇಲೆ ಯಾವ ಟಿವಿಯೂ ಅದನ್ನು ಬಿಡಿಸಲಾರದು. ನಿಂತ ವೇಷದಲ್ಲಿ ಗೊತ್ತಾಗುವುದಿಲ್ಲ. ತಿರುಗಿದಾಗ ಕಾಣುತ್ತದೆ.

ಹಾಗಾಗಿ ಮೂಲ ಫೈಲಿನಿಂದಲೇ ಮತ್ತೆ ಶುರು ಮಾಡಬೇಕು. ಮೂಲ ಇದೆ ತಾನೇ?

ತುಂಗಾತೀರ, ತೀರ್ಥಹಳ್ಳಿ
ಇದೆ. ಕಾರ್ಡಿನಿಂದ ಎಂಟಿಎಸ್ ಫೈಲುಗಳನ್ನು ಹಾರ್ಡ್ ಡಿಸ್ಕಿಗೆ ಹಾಕಿಟ್ಟಿದ್ದೇನೆ. ಕಾರ್ಡೂ ಹಾಗೇ ಇದೆ.

ಮಂಡಗದ್ದೆ ಹಕ್ಕಿ
ಕಾರ್ಡನ್ನು ಈಗಲೇ ಅಳಿಸಬೇಡಿ. ಬರೀ ಎಂಟಿಎಸ್ ಅಲ್ಲ, ಇಡೀ ಎವಿಸಿಎಚ್‌ಡಿ ಫೋಲ್ಡರನ್ನೇ ಕಾಪಿ ಮಾಡಿ. ಉದ್ದದ ರೆಕಾರ್ಡಿಂಗನ್ನು ಕ್ಯಾಮೆರಾ 2 ಅಥವಾ 4 ಜಿಬಿ ತುಂಡುಗಳಾಗಿ ಕತ್ತರಿಸಿ ಇಡುತ್ತದೆ. ಯಾವ ತುಂಡಿಗೆ ಯಾವುದು ಸೇರಬೇಕು ಎಂಬ ಮಾಹಿತಿ ಪಕ್ಕದ ಫೋಲ್ಡರಿನಲ್ಲಿರುತ್ತದೆ. ಅದಿಲ್ಲದೆ ಎಡಿಟರಿನಲ್ಲಿ ಒಂದರ ಪಕ್ಕ ಒಂದು ಇಟ್ಟರೆ ಕೂಡುವ ಜಾಗದಲ್ಲಿ ಧ್ವನಿ ಒಂಚೂರು ಕಡಿಯುತ್ತದೆ. ಭಾಗವತರು ಪದ್ಯ ಎತ್ತಿದ ಹೊತ್ತಿಗೇ ಅದು ಬಂದರೆ ತುಂಬಾ ಕೆಟ್ಟದಾಗಿ ಕೇಳುತ್ತದೆ. ಟಿಎಸ್‌ಮಕ್ಸರ್ ಎಂಬ ತಂತ್ರಾಂಶದಲ್ಲಿ ಜಾಯಿನ್ ಮಾಡಿ ಒಂದೇ ಫೈಲ್ ಮಾಡಿಕೊಂಡರೆ ಈ ತೊಂದರೆ ಇಲ್ಲ. ಎನ್‌ಕೋಡ್ ಕೂಡ ಆಗುವುದಿಲ್ಲ.

ಸಾಗರದ ಹುಡುಗ
ನನ್ನದೂ ಒಂದು ಪ್ರಶ್ನೆ ಅಕ್ಕ. ಮಳೆಗಾಲದ ಜೋಗ ತೆಗೆದದ್ದಿದೆ. ನಾಲ್ಕೂ ಕವಲು ತುಂಬಿ ಬೀಳುತ್ತಿದೆ. ಎಡಿಟ್ ಮಾಡಿ ಹೊರಗೆ ತೆಗೆದರೆ ಕಾಡು, ಬಂಡೆ ಎಲ್ಲ ಸರಿ ಇದೆ, ನೀರು ಮಾತ್ರ ಚೌಕ ಚೌಕ. ಅದೇ ಸೆಟ್ಟಿಂಗಿನಲ್ಲಿ ತಂಗಿಯ ಮದುವೆ ಚೆನ್ನಾಗಿ ಬಂದಿತ್ತು.

ಕೊಡಚಾದ್ರಿ ಅಕ್ಕ, ಹೊಸನಗರ
ಎನ್‌ಕೋಡರ್ ಉಳಿತಾಯ ಮಾಡುವುದೇ ಹಿಂದಿನ ಚಿತ್ರದಿಂದ ತಮ್ಮಾ. ಹಿಂದಿನದಕ್ಕಿಂತ ಏನು ಬದಲಾಗಿದೆ ಅಷ್ಟನ್ನು ಮಾತ್ರ ಬರೆಯುತ್ತದೆ. ಮದುವೆ ಮಂಟಪ ಅಲ್ಲಾಡುವುದಿಲ್ಲ. 253 ಮೀಟರ್ ಮೇಲಿಂದ ಬೀಳುವ ನೀರು, ಅದರ ತುಂತುರು, ಮಂಜು, ಯಾವುದೂ ಹಿಂದಿನ ಚಿತ್ರದ ಹಾಗೆ ಇರುವುದಿಲ್ಲ. ಪ್ರತಿ ಫ್ರೇಮೂ ಹೊಸದು. ಬಿಟ್‌ರೇಟ್ ಸಾಲದೆ ಚೌಕ ಬೀಳುತ್ತದೆ. ಜಡಿಮಳೆ, ಗಾಳಿಗೆ ಅಲುಗುವ ಅಡಿಕೆ ಸೋಗೆ, ಅಗ್ಗಿಷ್ಟಿಕೆಯ ಹೊಗೆ ಎಲ್ಲಕ್ಕೂ ಇದೇ ಮಾತು. ಜೋಗದ ತುಂಡು ಹತ್ತು ನಿಮಿಷದ್ದಾದರೆ ಬ್ಲೂ-ರೇ ಡಿಸ್ಕಿನಲ್ಲಿ 35 ಮೆಗಾಬಿಟ್ ಕೊಟ್ಟುಬಿಡು. ಜಾಗ ಬೇಕಾದಷ್ಟಿರುತ್ತದೆ.

ತುಂಗಾತೀರ, ತೀರ್ಥಹಳ್ಳಿ
ಹಾಗಾದರೆ ಮರು ಎನ್‌ಕೋಡ್ ಆಗದೆ ಎಡಿಟ್ ಮಾಡಲಿಕ್ಕೇ ಆಗುವುದಿಲ್ವಾ? ನಾನು ಮಾಡಿದ್ದು ಜಾಸ್ತಿ ಇಲ್ಲ. ಬೇಡದ್ದು ಕತ್ತರಿಸಿದ್ದು, ಶುರುವಿನಲ್ಲಿ ಹೆಸರುಗಳು, ಕೆಲವು ಕಡೆ ಒಂದು ದೃಶ್ಯ ಇನ್ನೊಂದರಲ್ಲಿ ಕರಗುವ ಹಾಗೆ. ಮತ್ತೆ ದೀಪ ಕಡಿಮೆ ಇದ್ದ ಕಡೆ ಸ್ವಲ್ಪ ಬೆಳಕು ಏರಿಸಿದ್ದೇನೆ.

ಕೊಪ್ಪದ ಕ್ಯಾಮೆರಾ
ಆಗುತ್ತದೆ. ಸ್ಮಾರ್ಟ್ ರೆಂಡರ್ ಎಂದು ಒಂದಿದೆ. ಮುಟ್ಟದ ಭಾಗವನ್ನು ಇದ್ದ ಹಾಗೇ ಕಾಪಿ ಮಾಡಿ, ಕತ್ತರಿಸಿದ ಜಾಗದ ಅಕ್ಕಪಕ್ಕ, ಹೆಸರು ಬಂದ ಕಡೆ, ಕರಗಿಸಿದ ಕಡೆ ಮಾತ್ರ ಎನ್‌ಕೋಡ್ ಮಾಡುತ್ತದೆ. ಪವರ್‌ಡೈರೆಕ್ಟರಿನಲ್ಲಿ ಇದೆ, ಟಿಎಂಪೆಗ್‌ಎಂಕ್ ಸ್ಮಾರ್ಟ್ ರೆಂಡರರ್ ಎಂದು ಬೇರೆ ತಂತ್ರಾಂಶವೇ ಇದೆ. ಎರಡಕ್ಕೂ ದುಡ್ಡು ಕೊಡಬೇಕು. ಹೊರಗೆ ತೆಗೆಯುವ ಸೆಟ್ಟಿಂಗ್ ಮೂಲದ್ದಕ್ಕೆ ಸರಿಯಾಗಿ ಹೊಂದಬೇಕು. ಚಿತ್ರದ ಅಳತೆ, 50ಐ, ಕೋಡೆಕ್ (ಕುಗ್ಗಿಸುವ ಪದ್ಧತಿ) ಎಲ್ಲ. ಒಂದು ತಪ್ಪಿದರೂ ಸದ್ದಿಲ್ಲದೆ ಇಡೀ ವಿಡಿಯೊ ಎನ್‌ಕೋಡ್ ಆಗುತ್ತದೆ. ಮೂರು ಗಂಟೆಯದ್ದು ಬೇಗ ಮುಗಿದರೆ ಕಾಪಿ ಆಗಿದೆ ಎಂದು ಲೆಕ್ಕ.

ಬರೀ ಕತ್ತರಿಸುವುದಾದರೆ ಲಾಸ್‌ಲೆಸ್‌ಕಟ್ ಸಾಕು. ದುಡ್ಡಿಲ್ಲ. ಆದರೆ ಅದು ಕೀಫ್ರೇಮ್, ಅಂದರೆ ಹಿಂದಿನದನ್ನು ನೆಚ್ಚದೆ ಪೂರ್ತಿ ಬರೆದ ಚಿತ್ರ, ಇದ್ದಲ್ಲೇ ಕತ್ತರಿಸುವುದು. ಹ್ಯಾಂಡಿಕ್ಯಾಮ್ ವಿಡಿಯೊದಲ್ಲಿ ಸುಮಾರು ಅರ್ಧ ಸೆಕೆಂಡಿಗೊಂದು ಕೀಫ್ರೇಮ್ ಇರುತ್ತದೆ. ಆಟಕ್ಕೆ ಅಷ್ಟು ಸಾಕು.

ಬೆಳಕು ಏರಿಸಿದ ಕಡೆ ಮಾತ್ರ ಏನೂ ಮಾಡಲಾಗದು, ಎನ್‌ಕೋಡ್ ಆಗಲೇಬೇಕು. ನನ್ನ ಕೇಳಿದರೆ ಬೆಳಕು ಏರಿಸಬೇಡಿ. ಕತ್ತಲಿನ ಕಾಳೂ ಜೊತೆಗೇ ಏರುತ್ತದೆ. ರಂಗಸ್ಥಳ ಹೇಗಿತ್ತೋ ಹಾಗೇ ಇರಲಿ.

ತುಂಗಾತೀರ, ತೀರ್ಥಹಳ್ಳಿ
ಬೆಳಕಿನ ವಿಷಯದಲ್ಲಿ ನಾನು ಒಪ್ಪುವುದಿಲ್ಲ ಅಣ್ಣ. ಬೆಳಗಿನ ಜಾವದ ಒಂದು ಪ್ರವೇಶದಲ್ಲಿ ಕಲಾವಿದರ ಮುಖವೇ ಕಾಣುತ್ತಿಲ್ಲ. ಆ ತುಂಡು ಬೇಕೇ ಬೇಕು.

ಕೊಪ್ಪದ ಕ್ಯಾಮೆರಾ
ಹಾಗಿದ್ದರೆ ಏರಿಸಿ. ಅಷ್ಟು ಭಾಗಕ್ಕೆ ಮಾತ್ರ. ಮೊದಲು ಕಾಳು ತೆಗೆಯುವ ಡಿನಾಯ್ಸ್ ಸ್ವಲ್ಪ ಹಾಕಿ, ಆಮೇಲೆ ಬೆಳಕು. ಡಿನಾಯ್ಸ್ ಜಾಸ್ತಿ ಆದರೆ ಮುಖ ಮೇಣದ್ದಾಗುತ್ತದೆ, ಕಡಿಮೆ ಇಡಿ.

ಕೊಡಚಾದ್ರಿ ಅಕ್ಕ, ಹೊಸನಗರ
ಕೆಡೆನ್‌ಲೈವಿನಲ್ಲಿ ಸ್ಮಾರ್ಟ್ ರೆಂಡರ್ ಇಲ್ಲ. ನೀವು ಅಲ್ಲೇ ಕೆಲಸ ಮುಗಿಸಿದ್ದೀರಿ, ಇನ್ನೊಮ್ಮೆ ಬೇರೆ ಕಡೆ ಎಡಿಟ್ ಮಾಡುವುದೆಂದರೆ ಕಷ್ಟ. ಹಾಗಾಗಿ ಒಂದೇ ಒಂದು ಸಲ ಎನ್‌ಕೋಡ್ ಆಗಲಿ, ಆದರೆ ಧಾರಾಳವಾಗಿ ಆಗಲಿ. ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ.

ಮೊದಲು ಪ್ರಾಜೆಕ್ಟನ್ನು 1080ಐ, 25 ಫ್ರೇಮ್, ಮೇಲಿನ ಸಾಲು ಮೊದಲು ಎಂದು ಬದಲಿಸಿ. ನಿಮ್ಮದು 25ಪಿ, ಅಂದರೆ ಸೆಕೆಂಡಿಗೆ 25 ಪೂರ್ತಿ ಚಿತ್ರ ಮಾತ್ರ, ಆಗಿದ್ದರಿಂದ ಅರ್ಧ ಚಲನೆ ಅಲ್ಲೇ ಹೋಗಿದೆ. ಮಂಡಿ ತಿರುಗುವಾಗ ಸೆಕೆಂಡಿಗೆ 50 ಸಲ ಕಾಣುವುದಕ್ಕೂ 25 ಸಲ ಕಾಣುವುದಕ್ಕೂ ಬಹಳ ವ್ಯತ್ಯಾಸ ಉಂಟು.

ಈಗ ಜಾಗದ ಲೆಕ್ಕ. ಬ್ಲೂ-ರೇ ಡಿಸ್ಕ್ 25 ಜಿಬಿ. ವಿಂಡೋಸಿನಲ್ಲಿ 23.3 ಎಂದು ತೋರಿಸುತ್ತದೆ, ಹೆದರಬೇಡಿ, ಎಣಿಸುವ ರೀತಿ ಬೇರೆ ಅಷ್ಟೇ. ಮೂರು ಗಂಟೆ ಒಂದೇ ಡಿಸ್ಕಿಗೆ ಹಾಕಿದರೆ 17 ಮೆಗಾಬಿಟ್ ಹಾಕಿದರೂ ಬಿಗಿಯಾಗುತ್ತದೆ. 17ರದ್ದನ್ನು ಮತ್ತೆ 17ಕ್ಕೇ ಎನ್‌ಕೋಡ್ ಮಾಡಿದರೆ ಸ್ವಲ್ಪವಾದರೂ ಹೋಗುತ್ತದೆ. ಅದರ ಬದಲು ಆಟವನ್ನು ಒಂದೂವರೆ ಗಂಟೆಯ ಎರಡು ಡಿಸ್ಕ್ ಮಾಡಿ. ಆಗ ವಿಡಿಯೊಗೆ 30 ಮೆಗಾಬಿಟ್ ಕೊಡಬಹುದು. ಒಂದೊಂದು ಡಿಸ್ಕಿಗೆ ವಿಡಿಯೊ ಸುಮಾರು 20 ಜಿಬಿ, ಧ್ವನಿಗೂ ಜಾಗ ಉಳಿಯುತ್ತದೆ. 50 ಜಿಬಿಯ ಡಬಲ್ ಲೇಯರ್ ಡಿಸ್ಕ್ ಸಿಕ್ಕಿದರೆ ಒಂದರಲ್ಲೇ ಮುಗಿಯುತ್ತದೆ.

ಎಕ್ಸ್264 ಎಂಬ ಎಚ್.264 ಎನ್‌ಕೋಡರಿನ ಸೆಟ್ಟಿಂಗಿನಲ್ಲಿ ಬ್ಲೂ-ರೇ ಕಂಪ್ಯಾಟ್ ಆನ್ ಇರಲಿ. ಹೈ ಪ್ರೊಫೈಲ್, ಲೆವೆಲ್ 4.1, ಸ್ಲೈಸ್ 4, ಗರಿಷ್ಠ 40000, ಬಫರ್ 30000, ಕೀಫ್ರೇಮ್ ಸೆಕೆಂಡಿಗೆ ಒಂದಾದರೂ ಬೇಕು, ಅಂದರೆ 25. ಇದು ತಪ್ಪಿದರೆ ಕಂಪ್ಯೂಟರಿನಲ್ಲಿ ಚೆನ್ನಾಗಿಯೇ ಓಡುತ್ತದೆ, ಭಾಗವತರ ಮನೆಯ ಪ್ಲೇಯರಿನಲ್ಲಿ ತಡವರಿಸುತ್ತದೆ.

ಧ್ವನಿ! ಇದನ್ನು ಬಹಳ ಜನ ಮರೆಯುತ್ತಾರೆ. ಎಂಪಿ4ರಲ್ಲಿ ಬರುವ ಎಎಸಿ ಧ್ವನಿಯನ್ನು ಬ್ಲೂ-ರೇ ಒಪ್ಪುವುದಿಲ್ಲ. ಚಿತ್ರ ಬರುತ್ತದೆ, ಸದ್ದಿಲ್ಲ. ಎಸಿ-3 ಅಥವಾ ಕುಗ್ಗಿಸದ ಎಲ್‌ಪಿಸಿಎಂ ಬೇಕು. ನನ್ನ ಕೇಳಿದರೆ ಎಲ್‌ಪಿಸಿಎಂ, 48 ಕಿಲೋಹರ್ಟ್ಸ್. ಸೆಕೆಂಡಿಗೆ ಒಂದೂವರೆ ಮೆಗಾಬಿಟ್ ಹೋಗುತ್ತದೆ, ಹೋಗಲಿ. ಮದ್ದಳೆಯ ಛಾಪು, ಚಂಡೆಯ ಪೆಟ್ಟು ಹಾಗೇ ಉಳಿಯಬೇಕು ಅಲ್ವಾ?

ಸಾಗರದ ಹುಡುಗ
ಎಚ್.265 ಎಂಬ ಹೊಸ ಕೋಡೆಕ್ ಹಾಕಿದರೆ ಅರ್ಧ ಜಾಗದಲ್ಲಿ ಮುಗಿಯುತ್ತದಲ್ಲ?

ಕೊಪ್ಪದ ಕ್ಯಾಮೆರಾ
ಮಾಮೂಲಿ ಬ್ಲೂ-ರೇ ಪ್ಲೇಯರಿಗೆ ಅದು ಅರ್ಥವಾಗುವುದಿಲ್ಲ. ಅಲ್ಲಿ ನಡೆಯುವುದು ಎಂಪೆಗ್-2, ವಿಸಿ-1, ಎಚ್.264 ಮೂರೇ. ಎಚ್.265 ಬೇಕಾದರೆ 4ಕೆಯ ಅಲ್ಟ್ರಾ ಎಚ್‌ಡಿ ಪ್ಲೇಯರ್ ಬೇಕು.

ಇನ್ನೊಂದು ಸಿಕ್ಕು ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಯಾರಿಗಾದರೂ ಬೇಕಾಗುತ್ತದೆ. 2011ರಲ್ಲಿ ಎವಿಸಿಎಚ್‌ಡಿ 2.0 ಬಂದ ಮೇಲೆ ಕ್ಯಾಮೆರಾಗಳಲ್ಲಿ 1080 50ಪಿ, 28 ಮೆಗಾಬಿಟ್ ಬಂತು. ನೋಡಲಿಕ್ಕೆ ಬಹಳ ಚಂದ. ಆದರೆ ಮಾಮೂಲಿ ಬ್ಲೂ-ರೇ ನಿಯಮದಲ್ಲಿ 1080 50ಪಿ ಇಲ್ಲವೇ ಇಲ್ಲ. ಅದನ್ನು 1080 50ಐ ಮಾಡಬೇಕು, ಇಲ್ಲವೇ 720 50ಪಿ ಮಾಡಬೇಕು. ಎರಡರಲ್ಲೂ ಎನ್‌ಕೋಡ್ ತಪ್ಪಿದ್ದಲ್ಲ. ಡಿಸ್ಕಿಗೇ ಹಾಕುವುದು ಎಂದು ಮೊದಲೇ ಗೊತ್ತಿದ್ದರೆ 50ಐನಲ್ಲಿ ರೆಕಾರ್ಡ್ ಮಾಡುವುದು ವಾಸಿ. ತುಂಗಾತೀರ ಅವರದು ಹಾಗೇ ಇದೆ, ಒಳ್ಳೆಯದೇ ಆಯಿತು.

ಮಂಡಗದ್ದೆ ಹಕ್ಕಿ
ಬ್ಲೂ-ರೇ ಬರ್ನರ್ ಇಲ್ಲದವರಿಗೆ ಇನ್ನೊಂದು ದಾರಿ ಇದೆ. ಖಾಲಿ ಡಿವಿಡಿಗೇ ಎಚ್‌ಡಿ ಬರೆಯಬಹುದು, ಎವಿಸಿಎಚ್‌ಡಿ ಡಿಸ್ಕ್ ಎನ್ನುತ್ತಾರೆ. ಟಿಎಸ್‌ಮಕ್ಸರಿನಲ್ಲಿ ಎವಿಸಿಎಚ್‌ಡಿ ಆರಿಸಿದರೆ ಫೋಲ್ಡರ್ ಮಾಡಿಕೊಡುತ್ತದೆ. ಮೆನು ಬೇಕಾದರೆ ಮಲ್ಟಿಎವಿಸಿಎಚ್‌ಡಿ. ಡಿವಿಡಿಯ ಮೇಲೆ 18 ಮೆಗಾಬಿಟ್ ಮಿತಿ. ನಿಮ್ಮ 17 ಮೆಗಾಬಿಟ್ ಮೂಲ ಅದರೊಳಗೇ ಬರುತ್ತದೆ. ಒಂದು ಡಿವಿಡಿಗೆ ಸುಮಾರು 35 ನಿಮಿಷ ಹಿಡಿಯುತ್ತದೆ. ಮೂರು ಗಂಟೆಯ ಆಟಕ್ಕೆ ಆಗದು, ಒಂದು ಚಿಕ್ಕ ಪ್ರವೇಶಕ್ಕೆ ಆದೀತು.

ಆದರೆ ಅದನ್ನು ಡಿವಿಡಿ ಪ್ಲೇಯರಿಗೆ ಹಾಕಲೇಬಾರದು. ಬ್ಲೂ-ರೇ ಪ್ಲೇಯರಿನಲ್ಲಿ ಎವಿಸಿಎಚ್‌ಡಿ ಗುರುತು ಇದ್ದರೆ ಮಾತ್ರ. ಡಿವಿಡಿ ಪ್ಲೇಯರಿಗೆ ಹಾಕಿದರೆ ಡಿಸ್ಕ್ ಹೊರಗೆ ಬರದೆ ಸಿಕ್ಕಿಬೀಳಬಹುದು ಎಂದು ಕ್ಯಾಮೆರಾದ ಕೈಪಿಡಿಯಲ್ಲೇ ಎಚ್ಚರಿಕೆ ಬರೆದಿರುತ್ತಾರೆ. ಡಿಸ್ಕಿನ ಮೇಲೆ ದೊಡ್ಡದಾಗಿ ಬರೆದು ಕೊಡಿ.

ತುಂಗಾತೀರ, ತೀರ್ಥಹಳ್ಳಿ
ಡಿವಿಡಿ ಇರುವವರಿಗೆ ಏನು ಮಾಡಲಿ? ಅವರೇ ಜಾಸ್ತಿ ಜನ.

ಕೊಡಚಾದ್ರಿ ಅಕ್ಕ, ಹೊಸನಗರ
ಅವರಿಗೂ ಚೆನ್ನಾಗಿರುವ ಡಿವಿಡಿ ಮಾಡಿಕೊಡಬಹುದು. ಎಚ್‌ಡಿ ಆಗುವುದಿಲ್ಲ, ಆದರೆ ಮಬ್ಬಾಗಿರಬೇಕು ಎಂದೇನೂ ಇಲ್ಲ. ಅದಕ್ಕೂ ಎರಡು ಡಿಸ್ಕ್ ಮಾಡಿ. ಒಂದೂವರೆ ಗಂಟೆಗೆ ಆರೂವರೆ ಮೆಗಾಬಿಟ್ ಹತ್ತಿರ ಸಿಗುತ್ತದೆ, ಈಗಿನದ್ದರ ಹೆಚ್ಚುಕಮ್ಮಿ ಎರಡು ಪಾಲು. ಎರಡು ಪಾಸ್ ಹಾಕಿ, ಅಂದರೆ ಎನ್‌ಕೋಡರ್ ಮೊದಲು ಇಡೀ ವಿಡಿಯೊ ನೋಡಿಕೊಂಡು ಎರಡನೇ ಸಲ ಬರೆಯಲಿ. ಕುಗ್ಗಿಸುವ ಮುಂಚೆ ಸೆಕೆಂಡಿಗೆ 50 ಪೂರ್ತಿ ಚಿತ್ರ ಬರುವ ಹಾಗೆ ಡಿಇಂಟರ್‌ಲೇಸ್ ಮಾಡಿ, ಆಮೇಲೆ 720×576ಕ್ಕೆ ಇಳಿಸಿ, ಕೊನೆಗೆ ಮತ್ತೆ 50ಐ ಮಾಡಿ. ಎಫ್‌ಎಫ್‌ಎಂಪೆಗ್ ಎಂಬ ತಂತ್ರಾಂಶದಲ್ಲಿ ಇದೆಲ್ಲ ಒಂದೇ ಸಾಲಿನ ಆದೇಶದಲ್ಲಿ ಆಗುತ್ತದೆ. ಬಾಚಣಿಗೆ ಗೆರೆ ಹೋಗುತ್ತದೆ, ಚಲನೆಯೂ ಉಳಿಯುತ್ತದೆ.

ಬಣ್ಣದ್ದೂ ಒಂದಿದೆ. ಎಚ್‌ಡಿಯ ಬಣ್ಣದ ಲೆಕ್ಕ 709, ಡಿವಿಡಿಯದು 601. ಬದಲಿಸದೆ ಬಿಟ್ಟರೆ ಬಣ್ಣ ಸ್ವಲ್ಪ ಜಾರುತ್ತದೆ. ಬಣ್ಣದ ವೇಷದ ಕೆಂಪಿನಲ್ಲಿ ಅದು ಗೊತ್ತಾಗುತ್ತದೆ.

ಮತ್ತೆ ಮುಖ್ಯವಾದದ್ದು: ಡಿವಿಡಿಯನ್ನು ಎಡಿಟರಿನ ಪ್ರಾಜೆಕ್ಟಿನಿಂದ ನೇರ ಮಾಡಿ, ಇಲ್ಲವೇ 30 ಮೆಗಾಬಿಟ್ ಫೈಲಿನಿಂದ ಮಾಡಿ. ಆ 8 ಮೆಗಾಬಿಟ್ ಎಂಪಿ4 ಕಡೆ ತಿರುಗಿಯೂ ನೋಡಬೇಡಿ.

ಆಗುಂಬೆ ಮಂಜು
ಡಿಸ್ಕ್ ಉಳಿಯುವುದರ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಜಾಸ್ತಿ ಮಳೆ. ಲೆನ್ಸಿಗೆ, ಹಳೇ ಟೇಪಿಗೆ ಬೂಷ್ಟು ಹಿಡಿಯುವುದು ಮಲೆನಾಡಿನ ಎಲ್ಲರಿಗೂ ಗೊತ್ತು. ಡಿಸ್ಕ್ ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಎಲ್‌ಟಿಎಚ್ ಎಂದಿದ್ದರೆ ಬಿಡಿ. ಅದರಲ್ಲಿ ಡಿವಿಡಿಯಲ್ಲಿರುವ ಹಾಗೆ ಸಾವಯವ ಡೈ ಇರುತ್ತದೆ, ಬೆಳಕಿಗೆ ಬೇಗ ಸೋಲುತ್ತದೆ. ಮಾಮೂಲಿ ಬಿಡಿ-ಆರ್‌ನಲ್ಲಿ (ಒಮ್ಮೆ ಮಾತ್ರ ಬರೆಯುವ ಬ್ಲೂ-ರೇ) ಲೋಹದ ಥರದ ನಿರವಯವ ಪದರ, ಅದು ವಾಸಿ. ಬಹುಕಾಲ ಉಳಿಯಲೆಂದೇ ಮಾಡಿದ ಎಂ-ಡಿಸ್ಕ್ ಸಿಕ್ಕಿದರೆ ಇನ್ನೂ ಒಳ್ಳೆಯದು. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ಜೆಲ್ಲಿನ ಬಣ್ಣ ಬದಲಾದರೆ ಅದನ್ನು ಬಿಸಿ ಮಾಡಿ ಮತ್ತೆ ಹಾಕಿ. ಹೊಗೆ ಅಟ್ಟದ ಮೇಲೆ ಇಡಬೇಡಿ, ಬೆಚ್ಚಗಿರುತ್ತದೆ ಎಂದು ನಮ್ಮ ಕಡೆ ಎಲ್ಲವನ್ನೂ ಅಲ್ಲೇ ಇಡುವ ಅಭ್ಯಾಸ.

ಸಾಗರದ ಹುಡುಗ
ಸೋನಿಯವರು ಡಿಸ್ಕ್ ಮಾಡುವುದನ್ನೇ ನಿಲ್ಲಿಸಿದರಂತೆ?

ಆಗುಂಬೆ ಮಂಜು
ಹೌದು, ಬರೆಯುವ ಬ್ಲೂ-ರೇ ಡಿಸ್ಕ್, ಮಿನಿಡಿವಿ ಕ್ಯಾಸೆಟ್ ಎರಡನ್ನೂ 2025ರ ಫೆಬ್ರುವರಿಗೆ ನಿಲ್ಲಿಸಿದರು. ವರ್ಬಾಟಿಮ್ ಹೆಸರಿನವು ಇನ್ನೂ ಇವೆ. ಅದಕ್ಕೇ ಬೇಕಾದಷ್ಟನ್ನು ಈಗಲೇ ತಂದಿಟ್ಟುಕೊಳ್ಳಿ ಎನ್ನುವುದು. ಮತ್ತೆ ಡಿಸ್ಕ್ ಒಂದನ್ನೇ ನಂಬಬೇಡಿ. ಮೂಲ ಫೋಲ್ಡರ್ ಎರಡು ಬೇರೆ ಬೇರೆ ಹಾರ್ಡ್ ಡಿಸ್ಕಿನಲ್ಲಿ ಇರಲಿ, ಒಂದು ನಿಮ್ಮ ಮನೆಯಲ್ಲಿ, ಒಂದು ಬೇರೆ ಊರಲ್ಲಿ.

ಕೊಪ್ಪದ ಕ್ಯಾಮೆರಾ
ಕ್ಯಾಮೆರಾದ ಮೂಲ ಫೈಲುಗಳನ್ನು ಸುಮ್ನೆ ಡೇಟಾ ಡಿಸ್ಕ್ ಆಗಿಯೂ ಒಂದು ಪ್ರತಿ ಬರೆದಿಡಿ. ಪ್ಲೇಯರಿನಲ್ಲಿ ಓಡದಿದ್ದರೂ ಪರವಾಗಿಲ್ಲ. ಅಲ್ಲಿ ಒಂದು ಬಿಟ್ಟೂ ಬದಲಾಗುವುದಿಲ್ಲ.

ತುಂಗಾತೀರ, ತೀರ್ಥಹಳ್ಳಿ
ಎಲ್ಲರಿಗೂ ತುಂಬಾ ಉಪಕಾರ. ಹೊರಗಡೆ ಸಿಕ್ಕಿಸುವ ಬ್ಲೂ-ರೇ ಬರ್ನರ್ ತರಿಸಿದೆ. ಫೈಲ್ 30 ಮೆಗಾಬಿಟ್‌ನಲ್ಲಿ ಬಂದಿದೆ, ಟಿಎಸ್‌ಮಕ್ಸರಿನಲ್ಲಿ ಬ್ಲೂ-ರೇ ಫೋಲ್ಡರೂ ಆಯಿತು. ಬರ್ನ್ ಮಾಡುವಾಗ ಮಾತ್ರ ಅರ್ಧದಲ್ಲಿ ಡ್ರೈವ್ ಕಡಿದುಹೋಗುತ್ತಿದೆ.

ಮಂಡಗದ್ದೆ ಹಕ್ಕಿ
ವಿದ್ಯುತ್ ಸಾಲುತ್ತಿಲ್ಲ. ಬ್ಲೂ-ರೇ ಬರೆಯುವಾಗ ಲೇಸರಿಗೆ ಜಾಸ್ತಿ ಬೇಕು, ಲ್ಯಾಪ್‌ಟಾಪಿನ ಒಂದು ಯುಎಸ್‌ಬಿ ಕೊಡಲಾರದು. ಡ್ರೈವಿನ ಜೊತೆ ಎರಡನೇ ವೈರ್ ಬಂದಿದ್ದರೆ ಅದನ್ನೂ ಚುಚ್ಚಿ. ಇಲ್ಲದಿದ್ದರೆ ಅಡಾಪ್ಟರ್ ಇರುವ ಹಬ್ ಬಳಸಿ. ಇಮ್ಗ್‌ಬರ್ನ್ ಎಂಬ ತಂತ್ರಾಂಶದಲ್ಲಿ ಬರೆಯಿರಿ, ಫೈಲ್ ಸಿಸ್ಟಮ್ ಯುಡಿಎಫ್ 2.50 ಇರಲಿ, ವೇಗ 4ಎಕ್ಸ್ ಸಾಕು. ಪೂರ್ತಿ ಡಿಸ್ಕಿಗೆ ಇಪ್ಪತ್ತೈದು ನಿಮಿಷದ ಆಸುಪಾಸು. ಕೊನೆಗೆ ಬರೆದದ್ದನ್ನು ಓದಿ ಪರೀಕ್ಷಿಸುವ ವೆರಿಫೈ ತಪ್ಪಿಸಬೇಡಿ. ಲ್ಯಾಪ್‌ಟಾಪಿನ ಬ್ಯಾಟರಿ ತುಂಬಿರಲಿ, ಹಬ್ಬಿನ ಅಡಾಪ್ಟರ್ ಯುಪಿಎಸ್ಸಿನಲ್ಲಿರಲಿ. ಈ ಗಾಳಿಮಳೆಯಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಹೇಳಲಿಕ್ಕಾಗದು. ಮೊದಲು ಒಂದು ಅಳಿಸಿ ಬರೆಯುವ ಬಿಡಿ-ಆರ್‌ಇ ಡಿಸ್ಕಿನಲ್ಲಿ ಐದು ನಿಮಿಷದ ತುಂಡು ಬರೆದು ಭಾಗವತರ ಪ್ಲೇಯರಿನಲ್ಲೇ ನೋಡಿ.

ತುಂಗಾತೀರ, ತೀರ್ಥಹಳ್ಳಿ
ಹಬ್ ಹಾಕಿದ ಮೇಲೆ ಬರೆಯಿತು. ಭಾಗವತರ ಮನೆಯಲ್ಲೂ ಓಡಿತು, ಚಿತ್ರ ಕ್ಯಾಮೆರಾದಲ್ಲಿದ್ದ ಹಾಗೇ ಇದೆ. ಅವರು ಒಂದು ಕೇಳಿದ್ದಾರೆ. ರಿಮೋಟಿನಲ್ಲಿ ಒತ್ತಿದರೆ ನೇರ ಬೇಕಾದ ಪದ್ಯಕ್ಕೆ ಹೋಗಬೇಕಂತೆ. ಅದಕ್ಕೆ ಮತ್ತೆ ಎನ್‌ಕೋಡ್ ಮಾಡಬೇಕಾ?

ಕೊಡಚಾದ್ರಿ ಅಕ್ಕ, ಹೊಸನಗರ
ಬೇಡ. ಟಿಎಸ್‌ಮಕ್ಸರಿನ ಬ್ಲೂ-ರೇ ಪುಟದಲ್ಲಿ ಚಾಪ್ಟರ್ ಎಂದಿದೆ. ಇಷ್ಟು ನಿಮಿಷಕ್ಕೊಂದು ಎಂದು ಹಾಕುವುದನ್ನು ಬಿಟ್ಟು, ಸಮಯದ ಪಟ್ಟಿ ಕೊಡುವ ಆಯ್ಕೆ ಹಾಕಿ. ಪ್ರತಿ ಪದ್ಯ ಶುರುವಾಗುವ ಗಂಟೆ, ನಿಮಿಷ, ಸೆಕೆಂಡನ್ನು ಒಂದೊಂದು ಸಾಲಿನಲ್ಲಿ ಬರೆದರೆ ಆಯಿತು. ಎರಡನೇ ಡಿಸ್ಕಿನ ಸಮಯ ಮತ್ತೆ ಸೊನ್ನೆಯಿಂದ ಶುರು, ಅದನ್ನು ನೋಡಿಕೊಳ್ಳಿ. ಪಟ್ಟಿಯನ್ನು ಭಾಗವತರ ಹತ್ತಿರವೇ ಕೂತು ಮಾಡಿಸಿ. ಯಾವ ಪದ್ಯ ಎಲ್ಲಿ ಎತ್ತಿದ್ದು ಎಂದು ಅವರಿಗಿಂತ ಚೆನ್ನಾಗಿ ಯಾರು ಹೇಳುತ್ತಾರೆ?